ಐಡಿಯಾ ಕೈಲಿದೆ, ದುಡ್ಡಿಲ್ಲ: ಸರ್ಕಾರದ ಗ್ರಾಂಟು, ಕಂಪನಿಗಳ ಸಹಾಯ ಯಾವ್ದು ಮೊದ್ಲು, ಯಾವ್ದು ಆಮೇಲೆ

"ಸ್ಟಾರ್ಟಪ್ ಮಾಡೋರಿಗೆ ಸರ್ಕಾರ 50 ಲಕ್ಷ ಕೊಡುತ್ತಂತಲ್ಲ, ಅದನ್ನ ಹೇಗೆ ತಗೊಳೋದು ಸ್ವಲ್ಪ ಹೇಳಿ" ಅಂತ ತಿಂಗಳಿಗೆ ಇಬ್ರು ಮೂರು ಜನ ಆದ್ರೂ ನನ್ನ ಕೇಳ್ತಾರೆ. ಕೊಡೋದು ನಿಜ. ಆದ್ರೆ ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಆಗ್ಲೇ ಯಾರೋ ಹೇಳಿದ್ರು ಅಂತ ಪ್ರೈವೇಟ್ ಲಿಮಿಟೆಡ್ ಕಂಪನಿ ರಿಜಿಸ್ಟರ್ ಮಾಡ್ಸಿ, ಲೋಗೋ ಮಾಡ್ಸಿ, ವಿಸಿಟಿಂಗ್ ಕಾರ್ಡ್ ಹೊಡೆಸಿ ಕೂತಿರ್ತಾರೆ, ಮಾಡ್ಬೇಕು ಅಂದ್ಕೊಂಡಿರೋ ವಸ್ತು ಮಾತ್ರ ಇನ್ನೂ ಕಾಗದದ ಮೇಲೇ ಇರುತ್ತೆ. ಅಲ್ಲೇ ಎಡವಟ್ಟಾಗೋದು. ಯಾಕಂದ್ರೆ ಸರ್ಕಾರದ ಒಂದೊಂದು ಸ್ಕೀಮ್ ಒಂದೊಂದು ಹಂತಕ್ಕೆ ಅಂತ ಮಾಡಿರೋದು, ಒಂದನ್ನ ತಪ್ಪು ಹೊತ್ತಲ್ಲಿ ತಗೊಂಡ್ರೆ ಇನ್ನೊಂದರ ಬಾಗಿಲು ಮುಚ್ಚೋಗುತ್ತೆ. ಇದನ್ನ ಯಾರೂ ಮೊದಲೇ ಹೇಳಲ್ಲ, ಅದಕ್ಕೇ ಬರೀತಿದೀನಿ.

ನನಗೆ ಇದೆಲ್ಲ ಗೊತ್ತಾಗಿದ್ದು ನಮ್ಮ ಭಾವನಿಂದ. ತೀರ್ಥಹಳ್ಳಿ ಕಡೆ ತೋಟ. ನಮ್ಮ ಕಡೆ ಕೆಂಪಡಿಕೆ ಮಾಡೋರಿಗೆ ದೊಡ್ಡ ತಲೆನೋವು ಅಂದ್ರೆ ಕೊಯ್ಲು ಶುರುವಾದಾಗ ಮಳೆ ಇನ್ನೂ ಬಿಟ್ಟಿರಲ್ಲ, ಸುಲಿದು ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವೋ ಹಾಗಿಲ್ಲ, ಎರಡು ದಿನ ಬಿಸಿಲು ಬರ್ಲಿಲ್ಲ ಅಂದ್ರೆ ಬೂಷ್ಟು ಹಿಡಿಯುತ್ತೆ. ಭಾವ ಏನ್ ಮಾಡಿದ್ರು ಅಂದ್ರೆ ಅಟ್ಟದಲ್ಲಿ ಬಿದ್ದಿದ್ದ ಹಳೇ ಸ್ಟೀಲ್ ಬೀರು ಇಳಿಸಿ, ಒಳಗಿನ ಹಲಗೆ ತೆಗೆದು ಜಾಲರಿ ತಟ್ಟೆ ಕೂರಿಸಿ, ಕೆಳಗೆ ಅಡಿಕೆ ಸಿಪ್ಪೆ ಉರಿಸೋ ಒಲೆ, ಮೇಲೆ ಒಂದು ಎಕ್ಸಾಸ್ಟ್ ಫ್ಯಾನು ಇಟ್ರು. ಮೊದಲ ಸಲ ಅಡಿಕೆಗೆಲ್ಲ ಹೊಗೆ ವಾಸನೆ ಹಿಡೀತು, ಮಂಡಿಯಲ್ಲಿ ಕೈಗೆ ತಗೊಂಡು ಮೂಸಿ ನೋಡಿದ ತಕ್ಷಣ ರೇಟು ಇಳಿಸಿದ್ರು. ಆಮೇಲೆ ಹೊಗೆ ಪೈಪಲ್ಲೇ ಹೊರಗೆ ಹೋಗಿ ಬರೀ ಪೈಪಿನ ಬಿಸಿ ಮಾತ್ರ ತಟ್ಟೆಗೆ ತಾಗೋ ಹಾಗೆ ಮಾಡಿದ್ರು. ಈ ಬೀರು ಕಥೆನ ಮುಂದೆ ಪದೇ ಪದೇ ತರ್ತೀನಿ, ಯಾಕಂದ್ರೆ ಯಾವ ಕಮಿಟಿ ಮುಂದೆ ಕೂತ್ರೂ ಅವರು ಕೇಳಿದ್ದು ಇದನ್ನೇ.

ಮೊದಲು ಸರ್ಕಾರ ಯಾಕೆ ಕೊಡುತ್ತೆ ಅಂತ ತಿಳ್ಕೊಳ್ಳಿ, ಅರ್ಜಿ ಬರೆಯೋಕೆ ಸುಲಭ ಆಗುತ್ತೆ. ಬ್ಯಾಂಕಿನವರು ನೋಡೋದು ಸಾಲ ವಾಪಸ್ ಬರುತ್ತಾ ಅಂತ. ಇನ್ವೆಸ್ಟರ್ ನೋಡೋದು ಹಾಕಿದ ದುಡ್ಡು ಹತ್ತು ಪಟ್ಟು ಆಗುತ್ತಾ ಅಂತ. ಈ ಬೀರು ಮಟ್ಟದಲ್ಲಿರೋ ಕೆಲಸಕ್ಕೆ ಇಬ್ರೂ ದುಡ್ಡು ಕೊಡಲ್ಲ, ಕೊಡದೇ ಇರೋದು ತಪ್ಪು ಅಂತಾನೂ ಹೇಳಕ್ಕಾಗಲ್ಲ. ಈ ಮಧ್ಯದ ಹಳ್ಳ ದಾಟ್ಸೋಕೆ ಅಂತ್ಲೇ ಗ್ರಾಂಟು ಇರೋದು. ಗ್ರಾಂಟು ಅಂದ್ರೆ ಸಾಲ ಅಲ್ಲ, ನಿಮ್ಮ ಕಂಪನೀಲಿ ಪಾಲೂ ಕೇಳಲ್ಲ. ಆದ್ರೆ ಇಷ್ಟು ತಿಂಗಳಲ್ಲಿ ಇಷ್ಟು ಕೆಲಸ ಮುಗಿಸ್ತೀನಿ ಅಂತ ಬರ್ಕೊಟ್ಟು, ಮುಗಿಸಿ ತೋರ್ಸಿದ ಮೇಲೇ ಮುಂದಿನ ಕಂತು. ಮತ್ತೆ ಹೆಚ್ಚಿನ ಸ್ಕೀಮಲ್ಲಿ ಸರ್ಕಾರ ನೇರವಾಗಿ ನಿಮಗೆ ದುಡ್ಡು ಹಾಕಲ್ಲ, ಇನ್‌ಕ್ಯುಬೇಟರ್ ಅನ್ನೋ, ಹೊಸ ಉದ್ಯಮಕ್ಕೆ ಜಾಗ, ಮೆಷಿನ್, ಸಲಹೆ ಕೊಟ್ಟು ಬೆಳೆಸೋ ಸಂಸ್ಥೆ ಮೂಲಕ ಕೊಡುತ್ತೆ, ಹಾಗಾಗಿ ನೀವು ಮೊದಲು ಹುಡುಕ್ಬೇಕಿರೋದು ಸ್ಕೀಮ್ ಅಲ್ಲ, ನಿಮ್ಮ ಕೆಲಸ ಅರ್ಥ ಆಗೋ ಇನ್‌ಕ್ಯುಬೇಟರ್.

ಅದೆಲ್ಲಾ ಬೆಂಗಳೂರಲ್ಲೇ ಇರೋದು ಅನ್ನೋ ಕಾಲ ಹೋಯ್ತು. ಹುಬ್ಬಳ್ಳೀಲಿ ದೇಶಪಾಂಡೆ ಸ್ಟಾರ್ಟಪ್ಸ್ ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿಗೆ ಅಂತ್ಲೇ ಇನ್‌ಕ್ಯುಬೇಟರ್ ಇದೆ, ಮಣಿಪಾಲದಲ್ಲಿದೆ, ಕಾರ್ಕಳ ಹತ್ರ ನಿಟ್ಟೆಯಲ್ಲಿದೆ. ಬೆಂಗಳೂರಲ್ಲಿ ಜೀವವಿಜ್ಞಾನಕ್ಕೆ ಸಿ-ಕ್ಯಾಂಪ್, ವ್ಯವಹಾರದ ಬುದ್ಧಿಗೆ ಐಐಎಂ ಒಳಗಿರೋ ಎನ್‌ಎಸ್‌ಆರ್‌ಸಿಇಎಲ್. ರಾಜ್ಯ ಸರ್ಕಾರಾನೂ ಬಿಯಾಂಡ್ ಬೆಂಗಳೂರು ಅಂತ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕಡೆ ತಳ್ತಿದೆ. ಒಂದು ದಿನ ರಜೆ ಹಾಕಿ ಹೋಗಿ ನೋಡಿ. ಫೋನಲ್ಲಿ ಅರ್ಧ ಗಂಟೆ ಮಾತಾಡಿದ್ರೂ ತಿಳಿಯದ್ದು ಅಲ್ಲಿನ ವರ್ಕ್‌ಶಾಪಲ್ಲಿ ಯಾವ ಯಾವ ಮೆಷಿನ್ ಇದೆ, ಯಾರು ಕೆಲಸ ಮಾಡ್ತಿದಾರೆ ಅಂತ ಕಣ್ಣಾರೆ ನೋಡಿದ್ರೆ ತಿಳಿಯುತ್ತೆ.

ಈಗ ಕ್ರಮಕ್ಕೆ ಬರೋಣ.

ಕಂಪನಿ ರಿಜಿಸ್ಟರ್ ಮಾಡೋಕೆ ಅವಸರ ಬೇಡ, ಇದನ್ನ ದೊಡ್ಡ ಅಕ್ಷರದಲ್ಲಿ ಬರೆದಿಟ್ಕೊಳ್ಳಿ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಅಂತ ಒಂದು ಸ್ಕೀಮ್ ಇದೆ, ಪ್ರೋಟೋಟೈಪ್ ಅಂದ್ರೆ ಓಡೋ ಮೊದಲ ಮಾದರಿ ಮಾಡೋಕೆ 10 ಲಕ್ಷದವರೆಗೆ ಕೊಡ್ತಾರೆ, ಅದಕ್ಕೆ ಕಂಪನಿ ಇರ್ಲೇಬೇಕು ಅಂತಿಲ್ಲ, ನಿಮ್ಮ ಹೆಸರಲ್ಲೇ ಅರ್ಜಿ ಹಾಕ್ಬಹುದು. ಕೈಗೆ ಸಿಗೋ ವಸ್ತು ಆಗಿರ್ಬೇಕು, ಬರೀ ಆ್ಯಪ್ ಅಂದ್ರೆ ಆಗಲ್ಲ. ಬೀರು ಹಂತದಲ್ಲಿರೋರಿಗೆ ಹೇಳಿ ಮಾಡ್ಸಿದ ಹಾಗಿದೆ. ಕೃಷಿ ಕಡೆಯವರಾದ್ರೆ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆ ಕೆಳಗೆ ಧಾರವಾಡದಂಥ ಕೇಂದ್ರಗಳಲ್ಲಿ ಎರಡು ತಿಂಗಳ ತರಬೇತಿ ಮತ್ತೆ ಅದರ ಜೊತೆ ಗ್ರಾಂಟು ಇರುತ್ತೆ, ಅದನ್ನೂ ವಿಚಾರಿಸಿ.

ಈ ಹಂತದ ಅರ್ಜೀಲಿ ಏನ್ ಬರೀಬೇಕು? ಭಾವ ಮೊದಲ ಸಲ ಬರೆದಾಗ ಎಂಟು ಪುಟ ಅಡಿಕೆ ಮಾರುಕಟ್ಟೆ ಎಷ್ಟು ದೊಡ್ಡದು ಅಂತಾನೇ ಬರೆದಿದ್ರು, ಅದು ರಿಜೆಕ್ಟ್ ಆಯ್ತು. ಎರಡನೇ ಸಲ ಅವರ ಹತ್ರ ಇದ್ದ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಫೋಟೋ ತೆಗೆದು ಸೇರಿಸಿದ್ರು. ಅದರಲ್ಲಿ ಪ್ರತಿ ಸಲ ಒಲೆ ಹಚ್ಚಿದಾಗ್ಲೂ ತಾರೀಕು, ಹಾಕಿದ ತೂಕ, ತೆಗೆದ ತೂಕ, ಎಷ್ಟು ಗಂಟೆ ಬೇಕಾಯ್ತು, ಎಷ್ಟು ಬುಟ್ಟಿ ಸಿಪ್ಪೆ ಉರೀತು, ಹೊರಗೆ ಮಳೆ ಇತ್ತಾ ಇಲ್ವಾ, ಮಂಡಿಯಲ್ಲಿ ಏನಂದ್ರು, ಎಲ್ಲಾ ಪೆನ್ಸಿಲಲ್ಲಿ. ಪುಟದ ಅಂಚಲ್ಲಿ ಅಡಿಕೆ ಚೊಗರಿನ ಕಲೆ. ಕಮಿಟಿಯವರೊಬ್ರು ಆ ಫೋಟೋ ಜೂಮ್ ಮಾಡಿ "ಮೇಲಿನ ತಟ್ಟೆ ಯಾಕೆ ನಾಲ್ಕು ಗಂಟೆ ಲೇಟು" ಅಂತ ಕೇಳಿದ್ರಂತೆ, ಅಲ್ಲಿಂದ ಮಾತು ಶುರುವಾಗಿ ಮುಕ್ಕಾಲು ಗಂಟೆ ಬರೀ ಬಿಸಿಗಾಳಿ ಹೇಗೆ ತಿರುಗುತ್ತೆ ಅನ್ನೋದರ ಮೇಲೇ ನಡೀತು. ಮಾರುಕಟ್ಟೆ ಬಗ್ಗೆ ಒಂದು ಪ್ರಶ್ನೇನೂ ಬರ್ಲಿಲ್ಲ. ಹಾಗಾಗಿ ನಿಮ್ಮ ಕೆಲಸ ಏನೇ ಇರ್ಲಿ, ಇವತ್ತಿಂದ್ಲೇ ಒಂದು ನೋಟ್‌ಬುಕ್ ಇಡಿ. ಕೆಟ್ಟುಹೋದ ದಿನದ ಲೆಕ್ಕಾನೂ ಬರೀರಿ, ಅದನ್ನ ಮುಚ್ಚಿಡ್ಬೇಡಿ.

ಪೇಟೆಂಟ್ ವಿಷಯ ಇಲ್ಲೇ ಹೇಳಿಬಿಡ್ತೀನಿ, ಆಮೇಲೆ ಅಂದ್ರೆ ತಡ ಆಗುತ್ತೆ. ಕೃಷಿ ಮೇಳದಲ್ಲಿ ಸ್ಟಾಲ್ ಹಾಕೋಕೆ ಮುಂಚೆ, ಯೂಟ್ಯೂಬಲ್ಲಿ ವಿಡಿಯೋ ಬಿಡೋಕೆ ಮುಂಚೆ, ಪೇಪರಿನವರಿಗೆ ಫೋಟೋ ಕೊಡೋಕೆ ಮುಂಚೆ ಪ್ರೊವಿಷನಲ್, ಅಂದ್ರೆ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕ್ಬಿಡಿ. ಒಂದ್ಸಲ ಎಲ್ಲರ ಎದುರಿಗೆ ಇಟ್ಬಿಟ್ರೆ ಅದು ಹೊಸದು ಅಂತ ಸಾಬೀತು ಮಾಡೋದು ಕಷ್ಟ. ಒಬ್ಬ ವ್ಯಕ್ತಿ ಹೆಸರಲ್ಲಿ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗಳಾದ್ರೆ 8,000, ಸ್ಟಾರ್ಟಪ್ ಅಂತ ಮಾನ್ಯತೆ ಸಿಕ್ಕಿದವ್ರಿಗೂ ಇದೇ 80 ಪರ್ಸೆಂಟ್ ರಿಯಾಯಿತಿ. ಪ್ರೊವಿಷನಲ್ ಹಾಕಿದ ಮೇಲೆ ಪೂರ್ತಿ ಅರ್ಜಿ ಹಾಕೋಕೆ 12 ತಿಂಗಳು ಟೈಮ್ ಇರುತ್ತೆ, ಅಷ್ಟರಲ್ಲಿ ನಿಮ್ಮ ವಸ್ತು ನಾಲ್ಕು ಜನರ ಕೈಯಲ್ಲಿ ಓಡಿ ಅದರ ಗುಣ ದೋಷ ಗೊತ್ತಾಗಿರುತ್ತೆ. ಮಾನ್ಯತೆ ಪಡೆದ ಸ್ಟಾರ್ಟಪ್ ಆದ್ರೆ ಅರ್ಜಿ ಬರೆದುಕೊಡೋ ವಕೀಲರ ಫೀಸನ್ನ ಸರ್ಕಾರಾನೇ ಕೊಡೋ ವ್ಯವಸ್ಥೆ ಕೂಡ ಇದೆ, ನೀವು ಕಟ್ಬೇಕಿರೋದು ಸರ್ಕಾರಿ ಶುಲ್ಕ ಅಷ್ಟೇ.

ಪ್ರೋಟೋಟೈಪ್ ಓಡ್ತಿದೆ, ನಿಮ್ಮ ಮನೆಯವರಲ್ಲದೆ ಬೇರೆ ಯಾರಾದ್ರೂ ಅದನ್ನ ಬಳಸ್ತಿದಾರೆ ಅಂದಾಗ ಕಂಪನಿ ಮಾಡಿ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆ ಆಗುತ್ತೆ, ಒಬ್ಬರೇ ಮಾಲೀಕರಾಗಿರೋ ಪ್ರೊಪ್ರೈಟರ್‌ಶಿಪ್‌ಗೆ ಸ್ಟಾರ್ಟಪ್ ಮಾನ್ಯತೆ ಸಿಗಲ್ಲ, ಇದರಲ್ಲಿ ತುಂಬಾ ಜನ ಎಡವ್ತಾರೆ. ಆಮೇಲೆ ಸ್ಟಾರ್ಟಪ್ ಇಂಡಿಯಾ ಪೋರ್ಟಲ್‌ನಲ್ಲಿ ಡಿಪಿಐಐಟಿ (ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ) ಕೊಡೋ ಸ್ಟಾರ್ಟಪ್ ಮಾನ್ಯತೆಗೆ ಅರ್ಜಿ ಹಾಕಿ. ಇದು ಪೂರ್ತಿ ಉಚಿತ. ಸಣ್ಣ ಉದ್ಯಮ ಅಂತ ಹೆಸರು ಹಾಕ್ಸೋ ಉದ್ಯಮ್ ರಿಜಿಸ್ಟ್ರೇಷನ್ನೂ ಉಚಿತ, ಆಧಾರ್ ಪ್ಯಾನ್ ಇದ್ರೆ ಮನೇಲೇ ಮಾಡ್ಕೊಬಹುದು. ನನಗೆ ಗೊತ್ತಿರೋ ಒಬ್ರು ಈ ಎರಡಕ್ಕೇ ಒಬ್ಬ ಏಜೆಂಟಿಗೆ 25 ಸಾವಿರ ಕೊಟ್ಟಿದ್ರು, ಕೇಳಿ ಹೊಟ್ಟೆ ಉರೀತು. ದಯವಿಟ್ಟು ಯಾರಿಗೂ ಒಂದು ರೂಪಾಯಿನೂ ಕೊಡ್ಬೇಡಿ.

ಈಗ ನಾನು ಮೊದಲೇ ಹೇಳಿದ ಬಾಗಿಲು ಮುಚ್ಚೋ ವಿಷಯ. 2021ರಲ್ಲಿ ಕೇಂದ್ರ ಸರ್ಕಾರ 945 ಕೋಟಿ ಇಟ್ಟು ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಅಂತ ಶುರು ಮಾಡ್ತು. ಪ್ರೋಟೋಟೈಪ್, ಪ್ರಯೋಗ, ಟ್ರಯಲ್‌ಗೆ 20 ಲಕ್ಷದವರೆಗೆ ಗ್ರಾಂಟು, ಮಾರುಕಟ್ಟೆಗೆ ಇಳಿಯೋಕೆ 50 ಲಕ್ಷದವರೆಗೆ, ಆದ್ರೆ ಆ 50 ಗ್ರಾಂಟಲ್ಲ, ಸಾಲದ ರೂಪ ಅಥವಾ ಮುಂದೆ ಷೇರಾಗಿ ಬದಲಾಗೋ ರೂಪ. ಇದರ ಷರತ್ತು ಎರಡು ನೋಡಿ: ಅರ್ಜಿ ಹಾಕೋ ಹೊತ್ತಿಗೆ ಕಂಪನಿ ಹುಟ್ಟಿ ಎರಡು ವರ್ಷ ದಾಟಿರಬಾರದು, ಮತ್ತೆ ಬೇರೆ ಕೇಂದ್ರ ರಾಜ್ಯ ಸರ್ಕಾರದ ಸ್ಕೀಮಿಂದ 10 ಲಕ್ಷಕ್ಕಿಂತ ಜಾಸ್ತಿ ದುಡ್ಡು ತಗೊಂಡಿರಬಾರದು. ಸ್ಪರ್ಧೆಯಲ್ಲಿ ಗೆದ್ದ ಬಹುಮಾನ, ಕಮ್ಮಿ ಬಾಡಿಗೆಗೆ ಸಿಕ್ಕ ಜಾಗ, ಲ್ಯಾಬ್ ಬಳಸಿದ್ದು ಇದೆಲ್ಲ ಆ ಲೆಕ್ಕಕ್ಕೆ ಬರಲ್ಲ.

ಈಗ ಯೋಚನೆ ಮಾಡಿ. ಐಡಿಯಾ ಹೊಳೆದ ದಿನಾನೇ ಕಂಪನಿ ಮಾಡಿದ್ರೆ ಎರಡು ವರ್ಷ ಬೀರು ಸರಿ ಮಾಡೋದ್ರಲ್ಲೇ ಕಳೆದುಹೋಗುತ್ತೆ, ಸೀಡ್ ಫಂಡ್ ಕೈ ತಪ್ಪುತ್ತೆ. ಇಲ್ಲಾ ಮೊದಲೇ ರಾಜ್ಯದ ದೊಡ್ಡ ಗ್ರಾಂಟು ತಗೊಂಡ್ರೆ 10 ಲಕ್ಷದ ಮಿತಿ ದಾಟಿ ಆವಾಗ್ಲೂ ತಪ್ಪುತ್ತೆ. ಅದಕ್ಕೇ ಸ್ವಂತ ಹೆಸರಲ್ಲಿ ಪ್ರಯಾಸ್, ಆಮೇಲೆ ಕಂಪನಿ, ಆಮೇಲೆ ಮಾನ್ಯತೆ, ಆಮೇಲೆ ಸೀಡ್ ಫಂಡ್, ಅದಾದ್ಮೇಲೆ ಎಲಿವೇಟ್ ಅನ್ನೋ ರಾಜ್ಯದ ಗ್ರಾಂಟು, ಈ ಸಾಲಲ್ಲಿ ಹೋದವರು ಎಲ್ಲವನ್ನೂ ಮುಟ್ಟಬಹುದು, ಹಿಂದುಮುಂದಾದ್ರೆ ಯಾವುದೋ ಒಂದಕ್ಕೆ ಸೀಮಿತ. ಯಾವ ಸ್ಕೀಮಿಗೆ ಅರ್ಜಿ ಯಾವಾಗ ತೆಗೀತಾರೆ, ನಿಯಮ ಬದಲಾಗಿದ್ಯಾ ಅಂತ ಆಯಾ ಪೋರ್ಟಲಲ್ಲೇ ನೋಡಿ, ವಾಟ್ಸಾಪಲ್ಲಿ ಬರೋ ಫಾರ್ವರ್ಡ್ ನಂಬ್ಕೊಂಡು ಕೂರ್ಬೇಡಿ.

ಎಲಿವೇಟ್ ಅಂದ್ರೆ ಕರ್ನಾಟಕ ಸರ್ಕಾರದ್ದು. ಸ್ಟಾರ್ಟಪ್‌ಗೆ ಅಂತ ಪಾಲಿಸಿ ತಂದವರಲ್ಲಿ ನಮ್ಮ ರಾಜ್ಯ ತುಂಬಾ ಮೊದಲು, 2015ರಲ್ಲೇ, ಎಲಿವೇಟ್ ಶುರುವಾಗಿದ್ದು 2017ರಲ್ಲಿ. ಗೆದ್ದವರಿಗೆ 50 ಲಕ್ಷದವರೆಗೆ ಗ್ರಾಂಟು. ಕಂಪನಿ ಕರ್ನಾಟಕದಲ್ಲಿ ನೋಂದಣಿ ಆಗಿರ್ಬೇಕು, ರಾಜ್ಯದ ಸ್ಟಾರ್ಟಪ್ ಸೆಲ್‌ನಲ್ಲೂ ಹೆಸರು ಹಾಕಿರ್ಬೇಕು. ಆನ್‌ಲೈನ್ ಅರ್ಜಿ, ಆಮೇಲೆ ಜ್ಯೂರಿ ಮುಂದೆ ಕೆಲವೇ ನಿಮಿಷ ಮಾತು. ಎಸ್‌ಸಿ ಎಸ್‌ಟಿ ಉದ್ಯಮಿಗಳಿಗೆ ಉನ್ನತಿ, ಕಲ್ಯಾಣ ಕರ್ನಾಟಕದವರಿಗೆ, ಮಹಿಳೆಯರಿಗೆ ಬೇರೆ ಬೇರೆ ಸುತ್ತು ಮಾಡಿದ್ದಾರೆ, ಅದಕ್ಕೆ ನೀವು ಅರ್ಹರಾಗಿದ್ರೆ ಅಲ್ಲೇ ಹಾಕಿ. ಜ್ಯೂರಿ ಮುಂದೆ ಕನ್ನಡದಲ್ಲಿ ಸರಾಗವಾಗಿ ಹೇಳೋಕೆ ಬರುತ್ತೆ, ಇಂಗ್ಲಿಷ್ ತೊದಲುತ್ತೆ ಅಂದ್ರೆ ಸಂಕೋಚ ಪಡ್ಬೇಡಿ, ಕನ್ನಡದಲ್ಲಿ ಹೇಳ್ತೀನಿ ಅಂತ ಮೊದಲೇ ಕೇಳಿ. ಸ್ಲೈಡು ಇಂಗ್ಲಿಷಲ್ಲಿರ್ಲಿ, ಮಾತು ಕನ್ನಡದಲ್ಲಿರ್ಲಿ. ಭಾವ ಬೇರೆ ಒಂದು ಕಡೆ ಹಾಗೇ ಮಾಡಿದ್ರು, ಜೊತೆಗೆ ಎರಡು ಪೊಟ್ಟಣ ಅಡಿಕೆ ತಗೊಂಡು ಹೋಗಿದ್ರು, ಒಂದು ಬೂಷ್ಟು ಹಿಡಿದದ್ದು, ಒಂದು ಅವರ ಡ್ರೈಯರಲ್ಲಿ ಒಣಗಿದ್ದು. ಮೇಜಿನ ಮೇಲೆ ಅಕ್ಕಪಕ್ಕ ಇಟ್ರು. ಹತ್ತು ಸ್ಲೈಡ್ ಮಾಡೋ ಕೆಲಸ ಆ ಎರಡು ಪೊಟ್ಟಣ ಮಾಡ್ತು.

ಔಷಧಿ, ರೋಗ ಪತ್ತೆ ಕಿಟ್, ಬೀಜ ಗೊಬ್ಬರದ ಜೀವವಿಜ್ಞಾನ ಇಂಥದ್ರಲ್ಲಿರೋರಿಗೆ ದಾರಿ ಬೇರೆ, ಅವರು ಬೈರಾಕ್ ಅನ್ನೋ ಕೇಂದ್ರದ ಜೈವಿಕ ತಂತ್ರಜ್ಞಾನ ಸಂಸ್ಥೆಯ ಬಿಗ್ ಗ್ರಾಂಟು ನೋಡ್ಬೇಕು, 18 ತಿಂಗಳಿಗೆ 50 ಲಕ್ಷದವರೆಗೆ, ಸಿ-ಕ್ಯಾಂಪ್ ಮೂಲಕಾನೂ ಹಾಕ್ಬಹುದು.

ಇನ್ನು ಎಲ್ಲರದ್ದೂ ಸ್ಟಾರ್ಟಪ್ ಅಲ್ಲ, ಅಂದ್ರೆ ಹೊಸದೇನೋ ಕಂಡುಹಿಡಿದು ಬೆಳೆಸೋ ಕೆಲಸ ಅಲ್ಲ, ಇದನ್ನ ಮನಸ್ಸಲ್ಲಿ ಪ್ರಾಮಾಣಿಕವಾಗಿ ಕೇಳ್ಕೊಳ್ಳಿ. ಎಣ್ಣೆ ಗಾಣ, ಬೇಕರಿ, ಫ್ಲೆಕ್ಸ್ ಪ್ರಿಂಟಿಂಗ್, ರೊಟ್ಟಿ ಕೇಂದ್ರ ಇವೆಲ್ಲ ಒಳ್ಳೇ ಉದ್ಯಮ, ನಾಲ್ಕು ಜನಕ್ಕೆ ಕೆಲಸ ಕೊಡುತ್ತೆ, ಆದ್ರೆ ಇದಕ್ಕೆ ಎಲಿವೇಟ್ ಅರ್ಜಿ ಹಾಕಿ ವರ್ಷಗಟ್ಲೆ ಕಾಯೋದು ವ್ಯರ್ಥ. ನಿಮಗೆ ಪಿಎಂಇಜಿಪಿ ಅನ್ನೋ ಕೇಂದ್ರದ ಸಾಲ-ಸಬ್ಸಿಡಿ ಸ್ಕೀಮ್ ಇದೆ. ತಯಾರಿಕೆ ಘಟಕ ಆದ್ರೆ 50 ಲಕ್ಷದವರೆಗಿನ ಪ್ರಾಜೆಕ್ಟು, ಸೇವೆ ಆದ್ರೆ 20 ಲಕ್ಷ, ಹಳ್ಳೀಲಿ ಮಾಡಿದ್ರೆ ಸಾಮಾನ್ಯ ವರ್ಗಕ್ಕೆ 25 ಪರ್ಸೆಂಟ್, ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರಿಗೆ 35 ಪರ್ಸೆಂಟ್ ಸಬ್ಸಿಡಿ. ಸಬ್ಸಿಡಿ ನಿಮ್ಮ ಕೈಗೆ ಬರಲ್ಲ, ಬ್ಯಾಂಕಲ್ಲೇ ಡೆಪಾಸಿಟ್ ಆಗಿ ಮೂರು ವರ್ಷ ಇದ್ದು, ಘಟಕ ನಿಜವಾಗ್ಲೂ ನಡೀತಿದೆ ಅಂತ ಖಾತ್ರಿ ಆದ್ಮೇಲೆ ಸಾಲಕ್ಕೆ ಜಮಾ ಆಗುತ್ತೆ. ಹೊಸ ಘಟಕಕ್ಕೆ ಮಾತ್ರ, ಬೇರೆ ಸರ್ಕಾರಿ ಸಬ್ಸಿಡಿ ತಗೊಂಡಿದ್ರೆ ಇಲ್ಲ, ಹಾಗಾಗಿ ಇದೂ ಕೂಡ ಮೊದಲೇ ತೀರ್ಮಾನ ಮಾಡ್ಬೇಕಾದ ವಿಷಯ. ತಿಂಡಿ ತಿನಿಸು, ಉಪ್ಪಿನಕಾಯಿ, ಹಲಸಿನ ಚಿಪ್ಸ್ ಕಡೆಯವ್ರು ಸಣ್ಣ ಆಹಾರ ಘಟಕಗಳಿಗೆ ಅಂತಿರೋ ಪಿಎಂಎಫ್‌ಎಂಇ ಸ್ಕೀಮ್ ವಿಚಾರಿಸಿ, ಮತ್ತೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಒಂದ್ಸಲ ಹೋಗಿ, ಅಲ್ಲಿ ಕಂಡುಹಿಡಿದ ಆಹಾರ ತಂತ್ರಜ್ಞಾನಾನ ಶುಲ್ಕ ಕಟ್ಟಿ ನೀವು ತಗೊಂಡು ಬಳಸ್ಬಹುದು. ಎಲ್ಲಾ ನಾವೇ ಕಂಡುಹಿಡೀಬೇಕು ಅಂತೇನಿಲ್ಲ.

ಕಂಪನಿಗಳ ವಿಷಯಕ್ಕೆ ಬಂದ್ರೆ, ಒಳಗಿನವರಿಗೆ ಒಂದು ಥರ, ಹೊರಗಿನವರಿಗೆ ಒಂದು ಥರ. ಅಮೆರಿಕದ 3ಎಂ ಕಂಪನೀಲಿ ಕೆಲಸದ ಹೊತ್ತಿನ 15 ಪರ್ಸೆಂಟು ನಿಮ್ಮಿಷ್ಟದ ಪ್ರಯೋಗಕ್ಕೆ ಅಂತ ಬಹಳ ಹಿಂದಿಂದ್ಲೂ ಬಿಡ್ತಾರೆ. ಆಫೀಸಲ್ಲಿ ನಾವು ಅಂಟಿಸೋ ಪೋಸ್ಟ್-ಇಟ್ ಚೀಟಿ ಇದ್ಯಲ್ಲ, ಅದರ ಗೋಂದು 1968ರಲ್ಲೇ ಅಲ್ಲಿನ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ ಕೈಗೆ ಸಿಕ್ಕಿತ್ತು, ಗಟ್ಟಿ ಅಂಟಲ್ಲ ಅಂತ ವರ್ಷಾನುಗಟ್ಲೆ ಯಾರಿಗೂ ಬೇಡವಾಗಿತ್ತು, ಇನ್ನೊಬ್ಬ ಉದ್ಯೋಗಿ ಆರ್ಟ್ ಫ್ರೈಗೆ ಚರ್ಚಿನ ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿ ಬೀಳದೇ ಇರೋ ಹಾಗೆ ಮಾಡೋಕೆ ಅದು ಬೇಕಾಯ್ತು, ಅಮೆರಿಕದಾದ್ಯಂತ ಮಾರಾಟಕ್ಕೆ ಬಂದಿದ್ದು 1980ರಲ್ಲಿ. ನಮ್ಮಲ್ಲೂ ಉದಾಹರಣೆ ಇದೆ, ಆನ್‌ಮೊಬೈಲ್ 2000ದಲ್ಲಿ ಇನ್ಫೋಸಿಸ್ ಒಳಗೇ ಬೆಳೆದು ಹೊರಗೆ ಬಂದ ಕಂಪನಿ. ನೀವು ಕೆಲಸದಲ್ಲಿದ್ದುಕೊಂಡೇ ಏನಾದ್ರೂ ಮಾಡ್ತಿದ್ರೆ ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ. ಕೆಲಸದಲ್ಲಿರೋವಾಗ ಮಾಡಿದ್ದೆಲ್ಲ ಕಂಪನಿಗೆ ಸೇರಿದ್ದು ಅನ್ನೋ ಸಾಲು ಹೆಚ್ಚಿನ ಲೆಟರಲ್ಲಿರುತ್ತೆ. ಆಫೀಸ್ ಲ್ಯಾಪ್‌ಟಾಪ್, ಆಫೀಸ್ ಮೇಲ್, ಆಫೀಸ್ ಟೈಮ್ ಮೂರನ್ನೂ ನಿಮ್ಮ ಸ್ವಂತ ಕೆಲಸಕ್ಕೆ ಮುಟ್ಟಲೇಬೇಡಿ.

ಹೊರಗಿನಿಂದ ದೊಡ್ಡ ಕಂಪನಿ ಹತ್ರ ಹೋಗೋದಾದ್ರೆ ದುಡ್ಡು ಕೇಳ್ಬೇಡಿ, ಆರ್ಡರ್ ಕೇಳಿ. ಅವರ ಒಂದು ಘಟಕದಲ್ಲಿ ಮೂರು ತಿಂಗಳು ಟ್ರಯಲ್, ಚಿಕ್ಕದಾದ್ರೂ ಪರವಾಗಿಲ್ಲ ದುಡ್ಡು ಕೊಟ್ಟು ಮಾಡೋ ಟ್ರಯಲ್, ಅದಕ್ಕೊಂದು ಪರ್ಚೇಸ್ ಆರ್ಡರ್. ಬಿಟ್ಟಿ ಟ್ರಯಲ್ ಅಂದ್ರೆ ಅಲ್ಲಿ ಯಾರಿಗೂ ಅದು ಮುಖ್ಯ ಆಗಲ್ಲ, ಮೆಷಿನ್ ಮೂಲೇಲಿ ಧೂಳು ತಿಂತಿರುತ್ತೆ. ಇನ್ನೊಂದು ದಾರಿ ಸಿಎಸ್‌ಆರ್. ದೊಡ್ಡ ಲಾಭದ ಕಂಪನಿಗಳು ಲಾಭದ ಸರಾಸರಿಯ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡ್ಬೇಕು ಅಂತ 2013ರ ಕಂಪನಿ ಕಾಯ್ದೇಲಿದೆ, ಆ ದುಡ್ಡನ್ನ ಸರ್ಕಾರದ ನೆರವಿರೋ ಇನ್‌ಕ್ಯುಬೇಟರ್‌ಗಳಿಗೂ ಕೊಡ್ಬಹುದು. ನಿಮಗೆ ನೇರವಾಗಿ ಬರಲ್ಲ, ಇನ್‌ಕ್ಯುಬೇಟರ್ ಮ್ಯಾನೇಜರ್‌ನ "ನಿಮ್ಮಲ್ಲಿ ಈ ವರ್ಷ ಯಾವ ಸಿಎಸ್‌ಆರ್ ಪ್ರೋಗ್ರಾಂ ಇದೆ" ಅಂತ ಕೇಳ್ಬೇಕು, ಕೇಳಿದವರಿಗೆ ಮಾತ್ರ ಗೊತ್ತಾಗೋದು.

ಸರ್ಕಾರ ಬರೀ ಗ್ರಾಂಟು ಕೊಡೋದಲ್ಲ, ಗಿರಾಕಿನೂ ಆಗುತ್ತೆ, ನನ್ನ ಪ್ರಕಾರ ಅದೇ ದೊಡ್ಡ ಸಹಾಯ. ಸರ್ಕಾರಿ ಇಲಾಖೆಗಳು ಸಾಮಾನು ಕೊಳ್ಳೋ ಜೆಮ್ ಪೋರ್ಟಲ್‌ನಲ್ಲಿ ಮಾನ್ಯತೆ ಇರೋ ಸ್ಟಾರ್ಟಪ್‌ಗಳಿಗೆ ಹಳೇ ಅನುಭವ, ಹಿಂದಿನ ವಹಿವಾಟು, ಇಎಂಡಿ ಅನ್ನೋ ಟೆಂಡರ್ ಠೇವಣಿ ಇದರಲ್ಲೆಲ್ಲ ವಿನಾಯಿತಿ ಕೊಡ್ತಾರೆ, ಗುಣಮಟ್ಟದಲ್ಲಿ ಮಾತ್ರ ರಾಜಿ ಇಲ್ಲ. ಕೃಷಿ ಯಂತ್ರ ಆದ್ರೆ ಸಬ್ಸಿಡಿ ಪಟ್ಟಿಗೆ ಸೇರ್ಬೇಕು ಅಂದ್ರೆ ಟೆಸ್ಟ್ ರಿಪೋರ್ಟ್ ಬೇಕು, ಅಂಥ ಒಂದು ಪರೀಕ್ಷಾ ಕೇಂದ್ರ ಅನಂತಪುರದ ಹತ್ರ ಗಾರ್ಲದಿನ್ನೆಯಲ್ಲಿದೆ. ಅಲ್ಲಿಗೆ ಮೆಷಿನ್ ಲಾರಿಯಲ್ಲಿ ಸಾಗಿಸೋ ಖರ್ಚು, ಸರದಿ ಬರೋವರೆಗಿನ ಸಮಯ ಇದನ್ನೆಲ್ಲ ಗ್ರಾಂಟಿನ ಬಜೆಟ್ಟಲ್ಲೇ ಬರೀರಿ. ಭಾವ ಬರೆದಿರ್ಲಿಲ್ಲ, ಕೈಯಿಂದ ಹಾಕ್ಬೇಕಾಯ್ತು.

ಗ್ರಾಂಟು ಬಂದ ದಿನಾನೇ ಅದಕ್ಕೆ ಅಂತ ಬೇರೆ ಬ್ಯಾಂಕ್ ಖಾತೆ ತೆಗೀರಿ. ಪ್ರತಿ ಬೋಲ್ಟು ನಟ್ಟಿಗೂ ಜಿಎಸ್‌ಟಿ ಬಿಲ್ ತಗೊಳ್ಳಿ, ವೆಲ್ಡಿಂಗ್ ಶಾಪಿನವರು ಬಿಲ್ ಇಲ್ಲದೆ ನೂರಿನ್ನೂರು ಕಮ್ಮಿ ಮಾಡ್ತೀನಿ ಅಂದ್ರೂ ಬೇಡ ಅನ್ನಿ. ಮುಂದಿನ ಕಂತಿಗೆ ಯುಟಿಲೈಸೇಷನ್ ಸರ್ಟಿಫಿಕೇಟ್, ಅಂದ್ರೆ ದುಡ್ಡು ಹೇಳಿದ್ದಕ್ಕೇ ಖರ್ಚಾಗಿದೆ ಅನ್ನೋ ಪತ್ರ ಕೊಡ್ಬೇಕು, ಅದಕ್ಕೆ ಸಿಎ ಸಹಿ ಬೇಕು, ಬಿಲ್ ಇಲ್ಲ ಅಂದ್ರೆ ಸಹಿ ಇಲ್ಲ. ಕಂತು ತಡ ಆಗೋದಂತೂ ಆಗೇ ಆಗುತ್ತೆ, ಮೂರ್ನಾಲ್ಕು ತಿಂಗಳು ಮನೆ ನಡೆಯೋಕೆ ಬೇಕಾದ್ದು ಬೇರೆ ಇಟ್ಕೊಂಡೇ ಇಳೀರಿ.

ಮಾರೋಕೆ ಶುರು ಮಾಡಿದ್ಮೇಲೆ ದೊಡ್ಡ ಗಿರಾಕಿಗಳು ದುಡ್ಡು ಸತಾಯಿಸ್ತಾರೆ. ಉದ್ಯಮ್ ರಿಜಿಸ್ಟ್ರೇಷನ್ ಇದ್ರೆ 45 ದಿನದ ಒಳಗೆ ಕೊಡಲೇಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೇಲಿದೆ, ಮೀರಿದ್ರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದ್ರೆ ಮಾಲು ಕಳಿಸೋಕೆ ಮುಂಚೆನೇ ರಿಜಿಸ್ಟ್ರೇಷನ್ ಆಗಿರ್ಬೇಕು, ಜಗಳ ಶುರುವಾದ್ಮೇಲೆ ಮಾಡ್ಸಿದ್ರೆ ಹಿಂದಿನ ಬಿಲ್ಲಿಗೆ ಅನ್ವಯ ಆಗುತ್ತೆ ಅಂತ ನೆಚ್ಕೊಳಕ್ಕಾಗಲ್ಲ. ಹಾಗಾಗಿ ನಿಮ್ಮ ಇನ್‌ವಾಯ್ಸ್ ತಲೆಬರಹದಲ್ಲೇ ಉದ್ಯಮ್ ನಂಬರ್ ಅಚ್ಚು ಹಾಕ್ಸಿ. ಭಾವ ತಮ್ಮ ಮೊದಲ ಬಿಲ್ ಪುಸ್ತಕದಲ್ಲಿ ಹಾಕ್ಸಿರ್ಲಿಲ್ಲ, ಆಮೇಲೆ ಒಂದು ರಬ್ಬರ್ ಸ್ಟ್ಯಾಂಪ್ ಮಾಡ್ಸಿ ಐವತ್ತು ಹಾಳೆಗೂ ಒಂದೊಂದಾಗಿ ಒತ್ತಿದ್ರು, ಆ ಸ್ಟ್ಯಾಂಪ್ ಈಗ್ಲೂ ಅದೇ ಹಳೇ ನೋಟ್‌ಬುಕ್ ಪಕ್ಕದಲ್ಲಿದೆ.